ಸ್ಪ್ಯಾಮ್ ಸೋಸೋ ಜರಡಿ ಬದಲಾಯಿಸಿದೆ, ಸರ್ವರ್ ಏದುಸಿರು ಬಿಡ್ತಿದೆ!

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು, ಮೇಲ್ ಸರ್ವರ್ ನೋಡಿಕೊಳ್ಳುವವರ ಗೋಳು. ಫೋನ್ ಬಿಸಿಯಾಗುತ್ತದೆ, ವೈಫೈ ಮಹಡಿ ಹತ್ತುವುದಿಲ್ಲ ಅಂತ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ಸರದಿ. ಕಾಲೇಜು, ಸಹಕಾರ ಸಂಘ, ಸಣ್ಣ ಕಂಪನಿ ಅಂತ ಇನ್ನೂ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವರು ನಮ್ಮ ಓದುಗರಲ್ಲಿ ಇಷ್ಟು ಜನ ಇದ್ದಾರೆ ಅಂತ ನನಗೇ ಗೊತ್ತಿರಲಿಲ್ಲ.

ಪ್ರಶ್ನೆ: ನಮ್ಮದು ಕಾಲೇಜು, ಸುಮಾರು 400 ಮೇಲ್‌ಬಾಕ್ಸ್. ನಾಲ್ಕು ಕೋರ್, 4 ಜಿಬಿ ಮೆಮೊರಿ ಇರುವ ಲಿನಕ್ಸ್ ಸರ್ವರ್. ಹಳೆಯ ಅಡ್ಮಿನ್ ಕೆಲಸ ಬಿಟ್ಟ ಮೇಲೆ ಅದು ನನ್ನ ತಲೆಗೆ ಬಂತು. ಮೇಲ್ ಬರಮಾಡಿಕೊಳ್ಳುವ ಪೋಸ್ಟ್‌ಫಿಕ್ಸ್‌ನಿಂದ, ಅದನ್ನು ಒಬ್ಬೊಬ್ಬರ ಮೇಲ್‌ಬಾಕ್ಸ್‌ಗೆ ಹಾಕುವ ಪ್ರೊಕ್‌ಮೇಲ್‌ಗೆ ಬಂದು, ಅಲ್ಲಿಂದ ಪ್ರತಿ ಮೇಲ್ ಸ್ಪ್ಯಾಮ್ ಸೋಸುವ ಸ್ಪ್ಯಾಮ್‌ಅಸಾಸಿನ್ ಜರಡಿಗೆ ಹೋಗುತ್ತದೆ. ಅದರ 3.4.6 ಆವೃತ್ತಿ ಇತ್ತು. ಕಳೆದ ತಿಂಗಳು ಆಪರೇಟಿಂಗ್ ಸಿಸ್ಟಂ ಜೊತೆಗೆ ಇದನ್ನೂ ಸಿಪ್ಯಾನ್ (ಪರ್ಲ್ ಭಾಷೆಯ ತಂತ್ರಾಂಶಗಳ ಭಂಡಾರ) ಮೂಲಕ 4.0.1ಕ್ಕೆ ಏರಿಸಿದೆ. ಒಂದೂವರೆ ಇರುತ್ತಿದ್ದ ಲೋಡ್ (ಸರದಿಯಲ್ಲಿರುವ ಕೆಲಸಗಳ ಎಣಿಕೆ) ಎಂಟು ಒಂಬತ್ತಕ್ಕೆ ಹೋಯಿತು. ಮ್ಯಾಕ್ಸ್-ಚಿಲ್ಡ್ರನ್ (ಒಟ್ಟಿಗೆ ಸೋಸುವ ಕೆಲಸಗಾರರ ಮಿತಿ) ಮುಟ್ಟಿದೆ, ಜಾಸ್ತಿ ಮಾಡಿ ಅಂತ ಲಾಗ್‌ನಲ್ಲೇ ಬರುತ್ತಿತ್ತು, ಅದಕ್ಕೆ 5 ಇದ್ದದ್ದನ್ನು 20 ಮಾಡಿದೆ. ಈಗ ಲೋಡ್ 38! ಮೇಲ್ 20 ನಿಮಿಷ ತಡವಾಗಿ ಬರುತ್ತಿದೆ. ಬೆಳಿಗ್ಗೆ 11ಕ್ಕೆ ಆಫೀಸಿನಿಂದ ಸುತ್ತೋಲೆ ಹೋದಾಗಲಂತೂ ಸರ್ವರ್ ಮಲಗೇ ಬಿಡುತ್ತದೆ. ಓಡುತ್ತಿರುವ ಕೆಲಸಗಳನ್ನು ತೋರಿಸುವ ಟಾಪ್ ಕಮಾಂಡ್‌ನಲ್ಲಿ ಕಂಡದ್ದನ್ನೂ ಫೋಲ್ಡರ್ ಪಟ್ಟಿಗಳನ್ನೂ ಕಳಿಸಿದ್ದೇನೆ. ದಾರಿ ತೋರಿಸಿ. — ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಆ 20ನ್ನು ಮತ್ತೆ 5 ಮಾಡಿ, ಆಮೇಲೆ ಮುಂದೆ ಓದಿ. ತಮಾಷೆಯಲ್ಲ, ಎದ್ದು ಹೋಗಿ ಮಾಡಿ ಬನ್ನಿ.

ಮಾಡಿದಿರಾ? ಈಗ ಯಾಕೆ ಅಂತ ಹೇಳುತ್ತೇನೆ. ನಿಮ್ಮ ಸರ್ವರ್ ಒಂದು ದರ್ಶಿನಿ ಅಂದುಕೊಳ್ಳಿ. ಒಲೆ ಇರುವುದು ನಾಲ್ಕು. ದೋಸೆ ತಡವಾಗುತ್ತಿದೆ ಅಂತ ಅಡುಗೆಮನೆಗೆ 20 ಭಟ್ಟರನ್ನು ನುಗ್ಗಿಸಿದರೆ ಏನಾಗುತ್ತದೆ? ಒಬ್ಬರ ಕಾಲು ಒಬ್ಬರು ತುಳಿಯುತ್ತಾರೆ, ಅಷ್ಟೆ. ಇಲ್ಲಿ ಅದಕ್ಕಿಂತ ಕೆಟ್ಟದ್ದಾಗಿದೆ. ನಿಮ್ಮ ಟಾಪ್ ಚಿತ್ರದಲ್ಲಿ ಒಂದೊಂದು ಸ್ಪ್ಯಾಮ್‌ಡಿ ಮಗುವೂ (ಸ್ಪ್ಯಾಮ್‌ಡಿ ಅಂದರೆ ಹಿನ್ನೆಲೆಯಲ್ಲಿ ಸದಾ ಓಡುವ ಸ್ಪ್ಯಾಮ್‌ಅಸಾಸಿನ್, ಮಗು ಅಂದರೆ ಅದರ ಒಬ್ಬ ಕೆಲಸಗಾರ) 95 ಎಂಬಿ ಹತ್ತಿರ ಹಿಡಿದು ಕೂತಿದೆ. 20 ಅಂದರೆ 1,900 ಎಂಬಿ. ಅವು ಒಂದಿಷ್ಟು ಮೆಮೊರಿಯನ್ನು ಹಂಚಿಕೊಂಡಿರುತ್ತವೆ ಅನ್ನಿ, ಅದನ್ನು ಕಳೆದರೂ ದೊಡ್ಡದೇ. ಪಕ್ಕದಲ್ಲಿ ವೈರಸ್ ಹುಡುಕುವ ಕ್ಲ್ಯಾಮ್‌ಎವಿ ಒಂದೇ 1.3 ಜಿಬಿ ತಿನ್ನುತ್ತಿದೆ. ಡೇಟಾಬೇಸ್ ಇದೆ, ಮೇಲ್ ಓದುವವರ ಐಮ್ಯಾಪ್ ಇದೆ. 4 ಜಿಬಿ ಎಲ್ಲಿ ಸಾಕು? ಉಳಿದದ್ದು ಸ್ವಾಪ್‌ಗೆ, ಅಂದರೆ ಡಿಸ್ಕ್‌ಗೆ ಹೋಗಿದೆ.

ನಿಮ್ಮ ಚಿತ್ರದಲ್ಲಿ ಮೇಲಿನಿಂದ ಮೂರನೆಯ ಸಾಲು ನೋಡಿ. ಡಬ್ಲ್ಯುಎ ಅನ್ನುವ ಕಡೆ 61 ಅಂತಿದೆ. ಹಾಗಂದರೆ ಸಿಪಿಯು ತನ್ನ ಹೊತ್ತಿನಲ್ಲಿ ನೂರಕ್ಕೆ 61 ಭಾಗ ಡಿಸ್ಕ್ ಯಾವಾಗ ಕೊಡುತ್ತದೋ ಅಂತ ಬಾಯಿ ಬಿಟ್ಟುಕೊಂಡು ಕಾಯುತ್ತಿದೆ. ಲೋಡ್ 38 ಅಂದ ಕೂಡಲೇ ಸಿಪಿಯು 38 ಪಾಲು ದುಡಿಯುತ್ತಿದೆ ಅಂದುಕೊಳ್ಳುತ್ತೇವೆ, ಅದು ತಪ್ಪು. ಲಿನಕ್ಸ್ ಓಡುತ್ತಿರುವ ಕೆಲಸಗಳ ಜೊತೆ ಡಿಸ್ಕ್‌ಗಾಗಿ ಕಾದು ಕೂತ ಕೆಲಸಗಳನ್ನೂ ಲೋಡ್‌ಗೆ ಸೇರಿಸಿ ಎಣಿಸುತ್ತದೆ. ಟಾಪ್‌ನಲ್ಲಿ ಡಿ ಅಕ್ಷರ ಹೊತ್ತು ನಿಂತವೆಲ್ಲ ಅವೇ. ನಿಮ್ಮ ಚಿತ್ರದಲ್ಲಿ ಹದಿನೇಳು ಎಣಿಸಿದೆ.

ಲಾಗ್ ಹೇಳಿದ ಮಾತನ್ನು ಕೇಳಿದಿರಿ, ನಿಮ್ಮ ತಪ್ಪಲ್ಲ. ಆ ಸಾಲು ಎಷ್ಟು ಜನರನ್ನು ಹಾಳು ಮಾಡಿದೆಯೋ! ನಾನೂ ಒಂದು ಕಚೇರಿಯ ಸರ್ವರ್ ನೋಡಿಕೊಳ್ಳುತ್ತಿದ್ದಾಗ ಅದೇ ಸಾಲು ನೋಡಿ 10ನ್ನು 40 ಮಾಡಿ ಮನೆಗೆ ಹೋಗಿ ಮಲಗಿದ್ದೆ, ರಾತ್ರಿ ಎರಡಕ್ಕೆ ಫೋನ್ ಬಂತು, ಸರ್ವರ್‌ಗೆ ಲಾಗಿನ್ ಆಗುವುದಕ್ಕೇ ಹತ್ತು ನಿಮಿಷ ಬೇಕಾಯಿತು. ಅವತ್ತಿನಿಂದ ಮೊದಲು ಲೆಕ್ಕ ಹಾಕಿ ಆಮೇಲೆ ಕೈ ಹಾಕುತ್ತೇನೆ. ಲೆಕ್ಕ ಸುಲಭ. ಒಂದು ಮೇಲ್ ಸೋಸಲು 2 ಸೆಕೆಂಡ್ ಹಿಡಿದರೆ ಐದು ಮಕ್ಕಳು ನಿಮಿಷಕ್ಕೆ 150 ಮೇಲ್ ಸೋಸುತ್ತವೆ, ಗಂಟೆಗೆ 9,000. ನಿಮ್ಮ ಕಾಲೇಜಿಗೆ ಅಷ್ಟು ಮೇಲ್ ಬರುತ್ತದಾ? ಇಲ್ಲ ಅಲ್ವಾ. ಹಾಗಾದರೆ ಮಕ್ಕಳು ಕಡಿಮೆ ಬಿದ್ದಿಲ್ಲ. ಒಂದೊಂದು ಮೇಲ್‌ಗೆ ಹಿಡಿಯುವ ಹೊತ್ತು ಜಾಸ್ತಿಯಾಗಿದೆ. ಹುಡುಕಬೇಕಾದ್ದು ಅದನ್ನು.

ನಿಮ್ಮ ಎರಡನೆಯ ಪಟ್ಟಿಯಲ್ಲೇ ಕಳ್ಳ ಸಿಕ್ಕಿದ್ದಾನೆ. ಸ್ಪ್ಯಾಮ್‌ಅಸಾಸಿನ್ ಪರ್ಲ್ ಭಾಷೆಯಲ್ಲಿ ಬರೆದದ್ದು. 2001ರಲ್ಲಿ ಜಸ್ಟಿನ್ ಮೇಸನ್ ಶುರು ಮಾಡಿದ್ದು, 2004ರಿಂದ ಅಪಾಚೆ ಫೌಂಡೇಶನ್ ಮನೆಯಲ್ಲಿದೆ. ಅದರೊಳಗೆ ಸಾವಿರಾರು ನಿಯಮಗಳು. ಈ ಪದ ಇದೆಯಾ, ಈ ಥರದ ಲಿಂಕ್ ಇದೆಯಾ ಅಂತ ಒಂದೊಂದೂ ಮೇಲ್ ಅನ್ನು ಕೆದಕುತ್ತದೆ, ಅಂಕ ಕೊಡುತ್ತದೆ, ಒಟ್ಟು 5 ಮುಟ್ಟಿದರೆ ಸ್ಪ್ಯಾಮ್. ಇಷ್ಟನ್ನೂ ಪರ್ಲ್‌ನಲ್ಲೇ ಮಾಡಿದರೆ ನಿಧಾನ. ಅದಕ್ಕೆ ಎಸ್‌ಎ-ಕಂಪೈಲ್ ಅಂತ ಒಂದು ಉಪಕರಣ ಇದೆ. ಮೇಲ್‌ನ ಒಡಲನ್ನು ನೋಡುವ ನಿಯಮಗಳನ್ನು ಅದು ಸಿ ಭಾಷೆಗೆ ತಿರುಗಿಸಿ, ಬೇಯಿಸಿ ಇಟ್ಟುಬಿಡುತ್ತದೆ. ನಿಮ್ಮ ಹಳೆಯ ಅಡ್ಮಿನ್ ಬುದ್ಧಿವಂತರು, ಅದನ್ನು ಮಾಡಿಟ್ಟಿದ್ದರು. ಕಂಪೈಲ್ಡ್ ಅನ್ನುವ ಫೋಲ್ಡರ್ ಒಳಗೆ 5.032, ಅದರೊಳಗೆ 3.004006 ಅಂತ ಇದೆ ನೋಡಿ. ಮೊದಲನೆಯದು ಪರ್ಲ್‌ನ ಆವೃತ್ತಿ, ಎರಡನೆಯದು ಸ್ಪ್ಯಾಮ್‌ಅಸಾಸಿನ್‌ನದು. ಈಗ ನಿಮ್ಮಲ್ಲಿ ಪರ್ಲ್ 5.36, ಸ್ಪ್ಯಾಮ್‌ಅಸಾಸಿನ್ 4.0.1. ಅದು ಹುಡುಕುವುದು 5.036ರ ಒಳಗಿನ 4.000001 ಫೋಲ್ಡರ್. ಅದು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಇಲ್ಲದಿದ್ದರೆ ಅದೇನು ಕೂಗಾಡುವುದಿಲ್ಲ, ಸುಮ್ನೆ ಪರ್ಲ್‌ನಲ್ಲೇ ಅರೆಯುತ್ತಾ ಕೂರುತ್ತದೆ. ಮಿಕ್ಸಿ ಕೆಟ್ಟ ಮನೆಯಲ್ಲಿ ಒರಳು ಹೊರಗೆ ಬಂದ ಹಾಗೆ. ಚಟ್ನಿ ಆಗುತ್ತದೆ, ಆದರೆ ಯಾವಾಗ?

ಹೊಸ ಆವೃತ್ತಿ ಭಾರ ಅಂತ ಎಲ್ಲರೂ ಬೈಯುತ್ತಾರೆ. ಅಪ್‌ಗ್ರೇಡ್ ತಂದು ಹಾಕಿದ್ದಕ್ಕಿಂತ ಹಿಂದೆ ಬಿಟ್ಟು ಬಂದದ್ದರಿಂದಲೇ ಜಾಸ್ತಿ ತೊಂದರೆ ಅನ್ನುವುದು ನನ್ನ ಅನುಭವ. ಮನೆ ಬದಲಾಯಿಸುವಾಗ ಗ್ಯಾಸ್ ಸ್ಟವ್ ತಂದು ರೆಗ್ಯುಲೇಟರ್ ಮರೆತ ಹಾಗೆ.

ಮಾಡಬೇಕಾದ್ದು ಇಷ್ಟು. ಮೊದಲು ಹೊಸ ನಿಯಮ ಇಳಿಸುವ ಎಸ್‌ಎ-ಅಪ್‌ಡೇಟ್ ಓಡಿಸಿ. ಇಳಿಸಿದ ನಿಯಮಗಳ ಫೋಲ್ಡರ್ ಕೂಡ ಆವೃತ್ತಿಯ ಹೆಸರಿನಲ್ಲೇ ಇರುತ್ತದೆ, ಹಳೆಯದರಲ್ಲಿ ಇದ್ದದ್ದು ಹೊಸದಕ್ಕೆ ತಾನಾಗಿ ಬರುವುದಿಲ್ಲ. ಆಮೇಲೆ ಎಸ್‌ಎ-ಕಂಪೈಲ್. ಇದಕ್ಕೆ ಆರ್‌ಇ2ಸಿ ಅನ್ನುವ ಉಪಕರಣ, ಜಿಸಿಸಿ, ಮೇಕ್ ಬೇಕು. ಆಪರೇಟಿಂಗ್ ಸಿಸ್ಟಂ ಏರಿಸುವಾಗ ಇವೇ ಕಸ ಗುಡಿಸಿದ ಹಾಗೆ ಹೊರಗೆ ಹೋಗಿರುವುದು ಉಂಟು, ನೋಡಿಕೊಳ್ಳಿ. ಬೇಯಿಸುವಾಗ ಕೆಲವು ನಿಮಿಷ ಲೋಡ್ ಮತ್ತೆ ಏರುತ್ತದೆ, ಗಾಬರಿ ಬೇಡ, ಸಂಜೆ ಕಾಲೇಜು ಖಾಲಿಯಾದ ಮೇಲೆ ಮಾಡಿ. ವಿ320 ಡಾಟ್ ಪ್ರಿ ಅನ್ನುವ ಕಡತ ತೆರೆದು ರೂಲ್2ಎಕ್ಸ್‌ಎಸ್‌ಬಾಡಿ ಅನ್ನುವ ಪ್ಲಗಿನ್ ಸಾಲಿನ ಮುಂದೆ ಹ್ಯಾಶ್ ಗುರುತು ಇದ್ದರೆ ತೆಗೆಯಿರಿ, ಅದು ಇದ್ದರೆ ನೀವು ಎಷ್ಟು ಬೇಯಿಸಿದರೂ ಬಡಿಸುವವರಿಲ್ಲ. ಕೊನೆಗೆ ಸ್ಪ್ಯಾಮ್‌ಡಿ ರೀಸ್ಟಾರ್ಟ್. ಆಯಿತೋ ಇಲ್ಲವೋ ತಿಳಿಯಲು ಸ್ಪ್ಯಾಮ್‌ಅಸಾಸಿನ್ ಅನ್ನು ಡೀಬಗ್ ಮತ್ತು ಲಿಂಟ್ ಆಯ್ಕೆ ಕೊಟ್ಟು ಓಡಿಸಿ, ರಾಶಿ ರಾಶಿ ಸಾಲು ಬರುತ್ತದೆ, ಅದರಲ್ಲಿ ಝೂಮ್ ಅಂತ ಶುರುವಾಗುವ ಸಾಲು ಹುಡುಕಿ. ಬೇಯಿಸಿದ ನಿಯಮಗಳನ್ನು ಎಲ್ಲಿಂದ ತೆಗೆದುಕೊಂಡೆ, ಎಷ್ಟನ್ನು ಬಳಸಿದೆ ಅಂತ ಅದೇ ಹೇಳುತ್ತದೆ. ಆ ಸಾಲು ಇಲ್ಲವೆಂದರೆ ಇನ್ನೂ ಒರಳೇ.

ನಿಯಮದ ಫೋಲ್ಡರ್‌ನಲ್ಲಿ ಇನ್ನೊಂದು ಕಂಡಿತು. 70 ಸೇರ್ ಅಂತ ಶುರುವಾಗುವ ಒಂಬತ್ತು ಕಡತ, ಜೊತೆಗೆ ಎಸ್‌ಎ-ಬ್ಲ್ಯಾಕ್‌ಲಿಸ್ಟ್ ಅಂತ ಒಂದು ಭಾರಿ ಕಡತ. ಇವು 2005ರ ಆಸುಪಾಸಿನ ಕಾಲದವು. ಆಗ ಎಲ್ಲರೂ ಹಾಕಿಕೊಳ್ಳುತ್ತಿದ್ದರು, ಆಮೇಲೆ ನೋಡಿಕೊಳ್ಳುವವರೇ ಇಲ್ಲದೆ ನಿಂತುಹೋದವು. ಎರಡನೆಯದಂತೂ ಮೆಮೊರಿ ನುಂಗುವುದಕ್ಕೇ ಹೆಸರಾಗಿತ್ತು. ಆ ಕಾಲದ ಸ್ಪ್ಯಾಮರ್‌ಗಳ ಡೊಮೇನ್‌ಗಳು ಈಗ ಯಾರ ಕೈಯಲ್ಲಿವೆಯೋ. ಅಜ್ಜನ ಕಾಲದ ಸಾಲದ ಪತ್ರ ಇಟ್ಟುಕೊಂಡು ಈಗ ಬಂದವರನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿ ಕೇಳಿದ ಹಾಗಾಯಿತು. ಎಲ್ಲವನ್ನೂ ಬೇರೆ ಫೋಲ್ಡರ್‌ಗೆ ಸರಿಸಿ ರೀಸ್ಟಾರ್ಟ್ ಮಾಡಿ, ಒಂದೊಂದು ಮಗುವಿನ ಮೆಮೊರಿ 95ರಿಂದ ಎಷ್ಟಕ್ಕೆ ಇಳಿಯಿತು ಅಂತ ನನಗೂ ಬರೆಯಿರಿ.

ಇನ್ನು ಆ 11 ಗಂಟೆಯ ಸುತ್ತೋಲೆ. ಇದು ಮುಂಚಿನಿಂದಲೂ ಇದ್ದ ರೋಗ, ಈಗ ಕಾಣಿಸಿಕೊಂಡಿದೆ ಅಷ್ಟೆ. ಪ್ರೊಕ್‌ಮೇಲ್ ಇರುವುದು ಕೊನೆಯ ಬಾಗಿಲಲ್ಲಿ, ಅಂದರೆ ಒಂದು ಸುತ್ತೋಲೆ 400 ಪ್ರತಿಯಾಗಿ ಒಡೆದ ಮೇಲೆ. ಒಂದೇ ಕಾಗದವನ್ನು 400 ಸಲ ಸೋಸುತ್ತಿದ್ದೀರಿ, ಅದೂ ನಿಮ್ಮದೇ ಆಫೀಸಿನವರು ಬರೆದದ್ದನ್ನು! ಮೇಲ್‌ಗೆ 2 ಸೆಕೆಂಡ್ ಇದ್ದಾಗ 400 ಪ್ರತಿ ಮೂರು ನಿಮಿಷದೊಳಗೆ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ 12 ಸೆಕೆಂಡ್ ಆದರೆ 16 ನಿಮಿಷ. ನಿಮ್ಮ 20 ನಿಮಿಷದ ತಡಕ್ಕೆ ಇದು ಹತ್ತಿರ ಬಂತು ನೋಡಿ. ಸದ್ಯಕ್ಕೆ ಒಳಗಿನವರೇ ಕಳಿಸಿದ ಮೇಲ್ ಜರಡಿಗೆ ಹೋಗದ ಹಾಗೆ ಪ್ರೊಕ್‌ಮೇಲ್‌ನಲ್ಲಿ ಒಂದು ಷರತ್ತು ಹಾಕಿ. ಕಳಿಸಿದವರ ವಿಳಾಸ ನೋಡಿ ಬಿಡಬೇಡಿ ಮತ್ತೆ, ಅದನ್ನು ಯಾರು ಬೇಕಾದರೂ ನಕಲಿ ಮಾಡುತ್ತಾರೆ. ಪಾಸ್‌ವರ್ಡ್ ಕೊಟ್ಟು ನಿಮ್ಮ ಸರ್ವರ್ ಮೂಲಕವೇ ಬಂದದ್ದು ಅಂತ ಖಾತ್ರಿಯಾದರೆ ಮಾತ್ರ. ರಜೆಯಲ್ಲಿ ಬಿಡುವಾದಾಗ ಜರಡಿಯನ್ನು ಮುಂದಿನ ಬಾಗಿಲಿಗೆ ತನ್ನಿ, ಪೋಸ್ಟ್‌ಫಿಕ್ಸ್‌ಗೇ ಜರಡಿ ಜೋಡಿಸುವ ಮಿಲ್ಟರ್ ಆಗಲಿ ಅಮಾವಿಸ್ ಆಗಲಿ, ಒಡೆಯುವ ಮುಂಚೆ ಒಂದೇ ಸಲ ಸೋಸುತ್ತದೆ. ಅಮಾವಿಸ್ ಹಾಕಿದರೆ ಸ್ಪ್ಯಾಮ್‌ಡಿ ನಿಲ್ಲಿಸಿ. ಅಮಾವಿಸ್ ತನ್ನೊಳಗೇ ಸ್ಪ್ಯಾಮ್‌ಅಸಾಸಿನ್ ಅನ್ನು ಕರೆದುಕೊಳ್ಳುತ್ತದೆ, ಎರಡನ್ನೂ ಓಡಿಸುತ್ತಾ ಮೆಮೊರಿ ಸಾಲುತ್ತಿಲ್ಲ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

ಕ್ಲ್ಯಾಮ್‌ಎವಿ ಬಗ್ಗೆ ಒಂದು ಮಾತು. 0.103ರಿಂದ ಈಚೆಗೆ ಅದು ವೈರಸ್ ಪಟ್ಟಿ ಹೊಸದು ಮಾಡುವಾಗ ಹಳೆಯದನ್ನು ಇಟ್ಟುಕೊಂಡೇ ಹೊಸದನ್ನು ತುಂಬಿಕೊಳ್ಳುತ್ತದೆ, ಆ ಹೊತ್ತಿಗೆ ಮೆಮೊರಿ ಹೆಚ್ಚುಕಡಿಮೆ ಎರಡರಷ್ಟು. 4 ಜಿಬಿ ಸರ್ವರ್‌ನಲ್ಲಿ ಕನ್ಕರೆಂಟ್-ಡೇಟಾಬೇಸ್-ರೀಲೋಡ್ ಅನ್ನುವುದನ್ನು ನೋ ಮಾಡಿ. ಪಟ್ಟಿ ತುಂಬುವಷ್ಟು ಹೊತ್ತು ಮೇಲ್ ಕಾಯುತ್ತದೆ, ಕಾಯಲಿ ಬಿಡಿ.

ಪ್ರಶ್ನೆ: ನಮ್ಮದು ಉಲ್ಟಾ ಕೇಸು. ಅಪ್‌ಗ್ರೇಡ್ ಆದ ಮೇಲೆ ಲೋಡ್ ಅಂಥಾ ಜಾಸ್ತಿ ಇಲ್ಲ, ಸಿಪಿಯು ಖಾಲಿ ಕೂತಿದೆ, ಆದರೂ ಒಂದೊಂದು ಮೇಲ್‌ಗೆ 15–16 ಸೆಕೆಂಡ್. ಸ್ಪ್ಯಾಮ್‌ಡಿ ಮಕ್ಕಳೆಲ್ಲ ಬಿಜಿ. ಲೋಕಲ್ ಡಾಟ್ ಸಿಎಫ್ (ಸ್ಪ್ಯಾಮ್‌ಅಸಾಸಿನ್ ಸೆಟ್ಟಿಂಗ್), ರಿಸಾಲ್ವ್ ಡಾಟ್ ಕಾನ್ಫ್ ಕಡತಗಳು ಜೊತೆಗಿವೆ. — ಸಣ್ಣ ಕಂಪನಿಯೊಂದರ ಅಡ್ಮಿನ್, ಮಂಗಳೂರು

ಉತ್ತರ: ಸಿಪಿಯು ಖಾಲಿ, ಮಕ್ಕಳು ಬಿಜಿ ಅಂದರೆ ಅವರು ಯಾರದೋ ಫೋನ್‌ಗೆ ಕಾಯುತ್ತಿದ್ದಾರೆ ಅಂತ. ಇಲ್ಲಿ ಆ ಫೋನ್ ಡಿಎನ್‌ಎಸ್, ಹೆಸರು ಕೊಟ್ಟರೆ ವಿಳಾಸ ಹೇಳುವ ಇಂಟರ್ನೆಟ್ ಡೈರೆಕ್ಟರಿ. ಖಾತ್ರಿ ಮಾಡಿಕೊಳ್ಳಲು ಒಂದು ಮೇಲ್ ಅನ್ನು ಕಡತವಾಗಿ ಉಳಿಸಿ ಎರಡು ಸಲ ಸೋಸಿ ನೋಡಿ. ಒಮ್ಮೆ ಸುಮ್ನೆ, ಒಮ್ಮೆ ದೊಡ್ಡ ಎಲ್ ಆಯ್ಕೆ ಕೊಟ್ಟು, ಆಗ ನೆಟ್‌ವರ್ಕ್ ಪರೀಕ್ಷೆ ಬಿಟ್ಟು ಸೋಸುತ್ತದೆ. ಎರಡಕ್ಕೂ ಮುಂದೆ ಟೈಮ್ ಕಮಾಂಡ್ ಸೇರಿಸಿ. ಎಲ್ ಕೊಟ್ಟಾಗ ಎರಡು ಸೆಕೆಂಡ್, ಕೊಡದಿದ್ದಾಗ ಹದಿನಾರು ಅಂತ ಬಂದರೆ ಮುಗಿಯಿತು, ನಿಯಮಗಳನ್ನು ಬೈಯಬೇಡಿ.

15 ಅನ್ನುವ ಅಂಕೆ ಸುಮ್ನೆ ಬಂದದ್ದಲ್ಲ. ಡಿಎನ್‌ಎಸ್ ಮೂಲಕ ಕೇಳುವ, ಸ್ಪ್ಯಾಮರ್‌ಗಳ ಕಪ್ಪುಪಟ್ಟಿಗಳ ಉತ್ತರಕ್ಕೆ ಸ್ಪ್ಯಾಮ್‌ಅಸಾಸಿನ್ ಕಾಯುವ ಮಿತಿ ಸಹಜವಾಗಿ 15 ಸೆಕೆಂಡ್. ಯಾರೋ ಉತ್ತರವನ್ನೇ ಕೊಡುತ್ತಿಲ್ಲ. ಯಾರು ಅಂತ ನಿಮ್ಮ ಲೋಕಲ್ ಡಾಟ್ ಸಿಎಫ್‌ನಲ್ಲೇ ಇದೆ. ಎನ್‌ಜೆಎಬಿಎಲ್, ಎಎಚ್‌ಬಿಎಲ್, ಸಾರ್ಬ್ಸ್ ಅಂತ ಮೂರು ಪಟ್ಟಿಯನ್ನು ಯಾರೋ ಕೈಯಾರೆ ಸೇರಿಸಿದ್ದಾರೆ. ಎನ್‌ಜೆಎಬಿಎಲ್ 2013ರಲ್ಲೇ ಬಾಗಿಲು ಹಾಕಿತು. ಎಎಚ್‌ಬಿಎಲ್‌ನವರು ನಿಲ್ಲಿಸುತ್ತೇವೆ, ಕೇಳುವುದು ಬಿಡಿ ಅಂತ ಹೇಳಿ ಹೇಳಿ ಸಾಕಾಗಿ, 2015ರ ಶುರುವಿನಲ್ಲಿ ಕೇಳಿದ್ದಕ್ಕೆಲ್ಲ ಹೌದು, ಅವನು ಸ್ಪ್ಯಾಮರ್ರೇ ಅಂತ ಉತ್ತರ ಕೊಡತೊಡಗಿದರು. ಸಿಟ್ಟು ಅಂದರೆ ಅದು! ಸಾರ್ಬ್ಸ್ 2024ರ ಜೂನ್‌ನಲ್ಲಿ ನಿಂತಿತು. ಸತ್ತವರ ನಂಬರಿಗೆ ಕರೆ ಮಾಡಿ ರಿಂಗ್ ಆಗುತ್ತದಾ ಅಂತ ಕಾಯುತ್ತಿದ್ದೀರಿ. ಮೂರನ್ನೂ ಅಳಿಸಿ.

ಎರಡನೆಯದು, ಅಪ್‌ಗ್ರೇಡ್ ಹೊತ್ತಿನಲ್ಲಿ ನಿಮ್ಮ ರಿಸಾಲ್ವ್ ಡಾಟ್ ಕಾನ್ಫ್ (ಡಿಎನ್‌ಎಸ್ ಉತ್ತರ ಯಾರನ್ನು ಕೇಳಬೇಕು ಅನ್ನುವ ಕಡತ) ಬದಲಾಗಿದೆ, 8.8.8.8 ಅಂತ ಇದೆ, ಅದು ಗೂಗಲ್‌ನ ರಿಸಾಲ್ವರ್. ಎಲ್ಲರೂ ಬಳಸುವ ಇಂಥ ರಿಸಾಲ್ವರ್‌ನಿಂದ ಕೇಳಿದರೆ ಸ್ಪ್ಯಾಮ್‌ಹೌಸ್ ಕಪ್ಪುಪಟ್ಟಿ ಉತ್ತರ ಕೊಡುವುದಿಲ್ಲ, 127.255.255.254 ಅಂತ ಒಂದು ಸಂಕೇತ ವಾಪಸ್ ಕಳಿಸುತ್ತದೆ. ಲಿಂಕ್‌ಗಳ ಕಪ್ಪುಪಟ್ಟಿ ಇಡುವ ಯುಆರ್‌ಐಬಿಎಲ್ ಕಡೆಯವರದೂ ಅದೇ ಪದ್ಧತಿ. ಮೇಲ್‌ನ ಹೆಡರ್‌ನಲ್ಲಿ ಯುಆರ್‌ಐಬಿಎಲ್-ಬ್ಲಾಕ್ಡ್ ಅಂತ ಕಂಡರೆ ಇದೇ ಕಾರಣ. ಸರ್ವರ್‌ನಲ್ಲೇ ಅನ್‌ಬೌಂಡ್ ಅನ್ನುವ ಸ್ವಂತ ರಿಸಾಲ್ವರ್ ಹಾಕಿ, ಅದು ಬೇರೆ ಯಾರಿಗೂ ಫಾರ್ವರ್ಡ್ ಮಾಡದೆ ತಾನೇ ಹುಡುಕುವ ಹಾಗೆ ಇಟ್ಟು, ರಿಸಾಲ್ವ್ ಡಾಟ್ ಕಾನ್ಫ್ ಅನ್ನು 127.0.0.1 ಕಡೆ, ಅಂದರೆ ಅದೇ ಸರ್ವರ್ ಕಡೆ, ತಿರುಗಿಸಿ. ಒಮ್ಮೆ ಕೇಳಿದ್ದನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಎರಡನೆಯ ಸಲ ಹೊರಗೆ ಹೋಗಬೇಕಿಲ್ಲ. ಆಮೇಲೆ ಸ್ಪ್ಯಾಮ್‌ಡಿ ರೀಸ್ಟಾರ್ಟ್ ಮಾಡಲು ಮರೆಯಬೇಡಿ.

ಪ್ರಶ್ನೆ: ದಿನದಲ್ಲಿ ನಾಲ್ಕೈದು ಸಲ ಇದ್ದಕ್ಕಿದ್ದಂತೆ ಡಿಸ್ಕ್ ಓಡಾಟ ಜೋರಾಗಿ ಲೋಡ್ ಏರುತ್ತದೆ, ಐದಾರು ನಿಮಿಷಕ್ಕೆ ತಾನೇ ಇಳಿಯುತ್ತದೆ. ಸ್ಪ್ಯಾಮ್‌ಅಸಾಸಿನ್‌ನ ಬೇಯ್ಸ್ (ಬಂದ ಮೇಲ್‌ಗಳಿಂದ ಪದ ಕಲಿಯುವ ಭಾಗ) ಫೋಲ್ಡರ್‌ನಲ್ಲಿ ಬೇಯ್ಸ್-ಟಾಕ್ಸ್ 600 ಎಂಬಿ ದಾಟಿದೆ, ಅದರ ಪಕ್ಕ ಹೆಸರಲ್ಲಿ ಎಕ್ಸ್‌ಪೈರ್ ಅಂತಿದ್ದು ಕೊನೆಗೊಂದು ನಂಬರ್ ಇರುವ ಕಡತಗಳು ಒಂದು ಡಜನ್ ಬಿದ್ದಿವೆ. ಅಳಿಸಬಹುದಾ? — ಬೆಂಗಳೂರು

ಉತ್ತರ: ಅಳಿಸಬಹುದು, ಆದರೆ ಯಾಕೆ ಬಂದವು ಅಂತ ತಿಳಿದು ಅಳಿಸಿ, ಇಲ್ಲದಿದ್ದರೆ ನಾಳೆ ಮತ್ತೆ ಬರುತ್ತವೆ. ಬೇಯ್ಸ್ ತಾನು ಕಲಿತ ಪದಗಳನ್ನು ಸಹಜವಾಗಿ ಒಂದೂವರೆ ಲಕ್ಷದ ಆಸುಪಾಸಿಗೆ ಮಿತಿ ಹಾಕಿಕೊಳ್ಳುತ್ತದೆ, ಸುಮಾರು 8 ಎಂಬಿ ಆಗುತ್ತದೆ. ನಿಮ್ಮದು 600! ಹಳೆಯ ಪದಗಳನ್ನು ಹೊರಹಾಕುವ ಕೆಲಸ ಎಷ್ಟೋ ಕಾಲದಿಂದ ಮುಗಿದೇ ಇಲ್ಲ. ಆ ಕೆಲಸ ಯಾವುದೋ ಪಾಪದ ಮೇಲ್ ಸೋಸುವಾಗ ಮಧ್ಯದಲ್ಲಿ ಶುರುವಾಗುತ್ತದೆ, ನಿಮಿಷಗಟ್ಟಲೆ ಹಿಡಿಯುತ್ತದೆ, ಕರೆದವರು ಕಾದು ಸಾಕಾಗಿ ಕೊಂದುಹಾಕುತ್ತಾರೆ, ಅರ್ಧ ಬರೆದ ಎಕ್ಸ್‌ಪೈರ್ ಕಡತ ಹೆಣದ ಹಾಗೆ ಉಳಿಯುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಮೇಲ್, ಮತ್ತೆ ಅದೇ ಕತೆ. ಒಂದೊಂದು ಹೆಣವೂ ಒಂದು ಸೋತ ಪ್ರಯತ್ನ.

ಬೇಯ್ಸ್-ಆಟೊ-ಎಕ್ಸ್‌ಪೈರ್ ಅನ್ನು 0 ಮಾಡಿ. ರಾತ್ರಿ ಸ್ಪ್ಯಾಮ್‌ಡಿ ನಿಲ್ಲಿಸಿ, ಆ ಕಡತಗಳನ್ನು ಅಳಿಸಿ, ಬೇಯ್ಸ್ ಯಾವ ಯೂಸರ್ ಹೆಸರಿನಲ್ಲಿದೆಯೋ ಅದೇ ಯೂಸರ್ ಆಗಿ ಎಸ್‌ಎ-ಲರ್ನ್ ಅನ್ನು ಫೋರ್ಸ್-ಎಕ್ಸ್‌ಪೈರ್ ಕೊಟ್ಟು ಓಡಿಸಿ. ರೂಟ್ ಆಗಿ ಓಡಿಸಿದರೆ ರೂಟ್‌ನ ಬೇಯ್ಸ್ ಸ್ವಚ್ಛವಾಗುತ್ತದೆ, ನಿಮ್ಮದು ಹಾಗೇ ಇರುತ್ತದೆ, ಈ ತಪ್ಪು ಬಹಳ ಜನ ಮಾಡುತ್ತಾರೆ. ಅದನ್ನೇ ದಿನಾ ರಾತ್ರಿ ತಾನಾಗಿ ಓಡುವ ಹಾಗೆ ಕ್ರಾನ್‌ಗೆ ಹಾಕಿ. 600 ಎಂಬಿ ತುಂಬಾ ಕೆಟ್ಟಿದ್ದರೆ ಎಲ್ಲ ಎಸೆದು ಹೊಸದಾಗಿ ಕಲಿಸುವುದೇ ಜಾಣತನ. 200 ಸ್ಪ್ಯಾಮ್, 200 ಒಳ್ಳೆಯ ಮೇಲ್ ಕಲಿಸುವವರೆಗೆ ಬೇಯ್ಸ್ ಬಾಯಿ ಬಿಡುವುದಿಲ್ಲ, ಅಷ್ಟು ಮೇಲ್ ಕೈಯಲ್ಲಿ ಇಟ್ಟುಕೊಂಡು ಶುರು ಮಾಡಿ.

ಪ್ರಶ್ನೆ: ನಮಗೆ ಕನ್ನಡದಲ್ಲೇ ಸ್ಪ್ಯಾಮ್ ಬರುತ್ತದೆ, ಅದೂ ಅಕ್ಷರವಲ್ಲ, ಚಿತ್ರ. ಲಾಟರಿ, ಸಾಲ, ಕೆಲಸ ಕೊಡಿಸುತ್ತೇವೆ ಅನ್ನುವ ಪೋಸ್ಟರ್‌ಗಳು. 4.0ರಲ್ಲಿ ಎಕ್ಸ್‌ಟ್ರ್ಯಾಕ್ಟ್-ಟೆಕ್ಸ್ಟ್ ಪ್ಲಗಿನ್ ಬಂದಿದೆ ಅಂತ ಓದಿ, ಚಿತ್ರದೊಳಗಿನ ಅಕ್ಷರ ಓದುವ ಟೆಸ್ಸರ‍್ಯಾಕ್ಟ್‌ಗೆ ಕನ್ನಡ ಕಡತ ಹಾಕಿ ಚಾಲೂ ಮಾಡಿದೆ. ಓದುತ್ತದೆ! ಆದರೆ ಸಿಪಿಯು ನಾಲ್ಕೂ ಕೋರ್ 100. — ಧಾರವಾಡ

ಉತ್ತರ: ಮೊದಲು ಭೇಷ್. ಇಷ್ಟು ಮಾಡಿದವರು ಕಡಿಮೆ. ಆದರೆ ಈಗ ಬರುವ ಪ್ರತಿ ಮೇಲ್‌ನ ಅಡಿಯಲ್ಲಿರುವ ಕಂಪನಿ ಲೋಗೊ, ಶುಭೋದಯದ ಗುಲಾಬಿ ಹೂ, ಮದುವೆ ಕರೆಯೋಲೆ ಎಲ್ಲವನ್ನೂ ನಿಮ್ಮ ಸರ್ವರ್ ಕನ್ನಡಕ ಹಾಕಿಕೊಂಡು ಓದುತ್ತಿದೆ. ಟೆಸ್ಸರ‍್ಯಾಕ್ಟ್ ಒಂದೊಂದು ಸಲ ಓಡುವಾಗಲೂ ತಾನೇ ಹಲವು ಎಳೆಗಳಾಗಿ ಹರಡಿಕೊಳ್ಳುತ್ತದೆ. ಐದು ಮಕ್ಕಳು ಒಟ್ಟಿಗೆ ಕರೆದರೆ ಎಲ್ಲಾ ಎಳೆಗಳೂ ಸೇರಿ ಜಾತ್ರೆ. ಒಎಂಪಿ-ಥ್ರೆಡ್-ಲಿಮಿಟ್ ಅನ್ನುವ ವೇರಿಯಬಲ್ ಅನ್ನು 1 ಮಾಡಿ ಸ್ಪ್ಯಾಮ್‌ಡಿ ಶುರು ಮಾಡಿ, ಅದರಿಂದಲೇ ಅರ್ಧ ಗಲಾಟೆ ಅಡಗುತ್ತದೆ. ಉಳಿದರ್ಧ ನಿಮ್ಮ ನಿರ್ಧಾರಕ್ಕೆ ಬಿಟ್ಟದ್ದು. ನನ್ನನ್ನು ಕೇಳಿದರೆ ಪಿಡಿಎಫ್ ಮತ್ತು ವರ್ಡ್ ಕಡತಗಳಿಗೆ ಆ ಪ್ಲಗಿನ್ ಇಟ್ಟುಕೊಂಡು ಚಿತ್ರ ಓದುವುದನ್ನು ನಿಲ್ಲಿಸುತ್ತೇನೆ. ಲಾಟರಿಯವರು ಪೋಸ್ಟರ್ ಬದಲಾಯಿಸುತ್ತಾರೆ, ಕಳಿಸುವ ಜಾಗ ಅಷ್ಟು ಬೇಗ ಬದಲಾಯಿಸಲು ಆಗುವುದಿಲ್ಲ, ಡಿಎನ್‌ಎಸ್ ಪಟ್ಟಿಯಲ್ಲೇ ಸಿಕ್ಕಿಬೀಳುತ್ತಾರೆ.

ಅಕ್ಷರದಲ್ಲೇ ಬರುವ ಕನ್ನಡ ಮೇಲ್‌ಗೂ ಒಂದು ಮಾತು. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರ ಒಂದು ಬೈಟ್ ಆದರೆ ಕನ್ನಡದ ಸಂಕೇತ ಒಂದೊಂದೂ ಮೂರು ಬೈಟ್. ಕ್ಷ್ಮೀ ಅನ್ನುವ ಒಂದು ಗುಣಿತಾಕ್ಷರ ಬಿಡಿಸಿದರೆ ಕ, ಹಲಂತ, ಷ, ಹಲಂತ, ಮ, ದೀರ್ಘ ಅಂತ ಆರು ಸಂಕೇತ, 18 ಬೈಟ್! 4.0ರಿಂದ ಎಲ್ಲಾ ಮೇಲ್ ಅನ್ನೂ ಮೊದಲು ಯುಟಿಎಫ್-8ಕ್ಕೆ ತಂದು ಆಮೇಲೆ ನಿಯಮ ಹಚ್ಚುವುದು ಸಹಜ ಪದ್ಧತಿಯಾಗಿದೆ. ಕನ್ನಡಕ್ಕೆ ಒಳ್ಳೆಯದೇ ಆಯಿತು, ಆದರೆ ಹಳೆಯ ಕಾಲದಲ್ಲಿ ನೀವು ಬೇರೆ ಎನ್‌ಕೋಡಿಂಗ್‌ನ ಬೈಟ್ ನೋಡಿ ಬರೆದ ಸ್ವಂತ ನಿಯಮ ಇದ್ದರೆ ಅದು ಈಗ ಸುಮ್ನೆ ಹೊತ್ತು ತಿನ್ನುತ್ತದೆ, ಏನನ್ನೂ ಹಿಡಿಯುವುದಿಲ್ಲ. ಅವನ್ನು ಮತ್ತೆ ಬರೆಯಿರಿ. ಬರೆಯುವಾಗ ಚುಕ್ಕೆ-ನಕ್ಷತ್ರ (ಇಲ್ಲಿ ಏನಿದ್ದರೂ ಸರಿ ಅನ್ನುವ ಗುರುತು) ಜೋಡಿಯನ್ನು ಒಂದೇ ನಿಯಮದಲ್ಲಿ ಮೂರು ನಾಲ್ಕು ಸಲ ಹಾಕಬೇಡಿ. ಹೊಂದದ ಮೇಲ್ ಬಂದಾಗ ಪರ್ಲ್ ಹಿಂದೆ ಮುಂದೆ ಓಡಾಡಿಯೇ ಸುಸ್ತಾಗುತ್ತದೆ.

ಪ್ರಶ್ನೆ: ನಮ್ಮದು ಆರ್‌ಸ್ಪ್ಯಾಮ್‌ಡಿ ಅನ್ನುವ ಬೇರೆ ಜರಡಿ. ಅಪ್‌ಗ್ರೇಡ್ ಮಾಡಿ ಐದು ನಿಮಿಷ ಆಯಿತು, ಎಚ್‌ಎಸ್-ಹೆಲ್ಪರ್ ಅನ್ನುವುದು ಸಿಪಿಯು ಕುಡಿಯುತ್ತಿದೆ. ಕೊಲ್ಲಲಾ? — ಮೈಸೂರು

ಉತ್ತರ: ಕೊಲ್ಲಬೇಡಿ. ಕಾಫಿ ಕುಡಿದು ಬನ್ನಿ. ಅದೂ ನಿಯಮಗಳನ್ನು ಹೈಪರ್‌ಸ್ಕ್ಯಾನ್ ಅನ್ನುವ ವೇಗದ ಹುಡುಕಾಟದ ಲೈಬ್ರರಿಗೆ ಬೇಯಿಸಿಡುತ್ತಿದೆ, ಅಪ್‌ಗ್ರೇಡ್ ಆದ ಮೇಲೆ ಒಂದು ಸಲ ಮಾಡುವ ಕೆಲಸ. ಮುಗಿದ ಮೇಲೆ ತಾನೇ ತಣ್ಣಗಾಗುತ್ತದೆ. ಗಂಟೆಗಟ್ಟಲೆ ಇಳಿಯದಿದ್ದರೆ ಆಗ ಮತ್ತೆ ಬರೆಯಿರಿ, ಅದರ ಡೇಟಾ ಫೋಲ್ಡರ್‌ಗೆ ಬರೆಯುವ ಅನುಮತಿ ಇದೆಯಾ ಅಂತಲೂ ನೋಡಿ ಬರೆಯಿರಿ. ಬೇಯಿಸಿದ್ದನ್ನು ಇಡಲು ಪಾತ್ರೆ ಇಲ್ಲದಿದ್ದರೆ ಮತ್ತೆ ಮತ್ತೆ ಬೇಯಿಸುತ್ತಿರಬೇಕಾಗುತ್ತದೆ.

ಪ್ರಶ್ನೆ: ಎಲ್ಲರೂ ಲೋಡ್ ಜಾಸ್ತಿ ಅಂತ ಅಳುತ್ತಾರೆ. ನಾನು ಡೆಬಿಯನ್ ಲಿನಕ್ಸ್ 11ರಿಂದ 12ಕ್ಕೆ ಹೋದೆ, ಸ್ಪ್ಯಾಮ್‌ಅಸಾಸಿನ್ ಕೂಡ 4.0 ಆಯಿತು, ಲೋಡ್ ಮೂರರಿಂದ ಅರ್ಧಕ್ಕೆ ಇಳಿಯಿತು. ಬಹಳ ಖುಷಿಯಾಗಿದ್ದೆ. ಆದರೆ ಎರಡು ದಿನದಿಂದ ಸ್ಪ್ಯಾಮ್ ಹೊಳೆಯಾಗಿ ಹರಿಯುತ್ತಿದೆ. ಹೊಸ ನಿಯಮಗಳು ಚೆನ್ನಾಗಿಲ್ಲವಾ? — ಶಿವಮೊಗ್ಗ

ಉತ್ತರ: ನಿಯಮಗಳು ಚೆನ್ನಾಗಿಯೇ ಇವೆ, ಅವನ್ನು ಯಾರೂ ಓಡಿಸುತ್ತಿಲ್ಲ. ಡೆಬಿಯನ್ 12ರಲ್ಲಿ ಸ್ಪ್ಯಾಮ್‌ಡಿ ಬೇರೆ ಪ್ಯಾಕೇಜ್ ಆಗಿದೆ. ಸರ್ವಿಸ್‌ನ ಹೆಸರೂ ಸ್ಪ್ಯಾಮ್‌ಅಸಾಸಿನ್ ಅಂತ ಇದ್ದದ್ದು ಸ್ಪ್ಯಾಮ್‌ಡಿ ಅಂತ ಆಗಿದೆ. ನಿಮ್ಮಲ್ಲಿ ಅದು ಇನ್‌ಸ್ಟಾಲ್ ಆಗಿಲ್ಲ, ಇಲ್ಲವೇ ಚಾಲೂ ಆಗಿಲ್ಲ. ಮೇಲ್ ಅನ್ನು ಸ್ಪ್ಯಾಮ್‌ಡಿಗೆ ಒಯ್ಯುವ ಸ್ಪ್ಯಾಮ್‌ಸಿ ಬಾಗಿಲು ತಟ್ಟುತ್ತದೆ, ಒಂದೊಂದು ಸೆಕೆಂಡ್ ಬಿಟ್ಟು ಒಟ್ಟು ಮೂರು ಸಲ. ಯಾರೂ ತೆಗೆಯದಿದ್ದರೆ ಮೇಲ್ ಕಳೆದುಹೋಗಬಾರದು ಅಂತ ಸೋಸದೆ ಹಾಗೇ ಒಳಗೆ ಬಿಡುತ್ತದೆ. ಲೋಡ್ ಇಳಿಯದೆ ಇನ್ನೇನು?

ಸ್ಪ್ಯಾಮ್‌ಡಿ ಪ್ಯಾಕೇಜ್ ಹಾಕಿ, ಚಾಲೂ ಮಾಡಿ, ಹೊರಗಿನಿಂದ ನಿಮಗೇ ಒಂದು ಮೇಲ್ ಕಳಿಸಿಕೊಂಡು ಅದರ ಪೂರ್ತಿ ಹೆಡರ್ ತೆರೆಯಿರಿ. ಎಕ್ಸ್-ಸ್ಪ್ಯಾಮ್-ಚೆಕರ್-ವರ್ಶನ್ ಅಂತ ಒಂದು ಸಾಲು, ಅದರಲ್ಲಿ 4.0 ಅಂತ ಇರಬೇಕು. ಅದು ಕಂಡ ಮೇಲೆ ಲೋಡ್ ಎಷ್ಟಾಯಿತು ಅಂತ ಬರೆಯಿರಿ. ಮೂರಕ್ಕಿಂತ ಜಾಸ್ತಿ ಬಂದರೆ ದಾವಣಗೆರೆಯವರಿಗೆ ಕೊಟ್ಟ ಉತ್ತರ ಮೇಲಿದೆ, ಝೂಮ್ ಸಾಲಿನಿಂದ ಶುರು ಮಾಡಿ.